ಬಲಗಡೆಯ ಜೇಬು

ಹೊಲಿಗೆ ಮೇಡಂಗೆ ಮನುಷ್ಯರ ಮೇಲೆ ಅಷ್ಟಾಗಿ ಸಿಟ್ಟು ಬರುತ್ತಿರಲಿಲ್ಲ. ಆ ವರ್ಷ ಅವರ ಸಿಟ್ಟೆಲ್ಲ ಒಂದು ಲ್ಯಾಪ್‌ಟಾಪಿನ ಪಾಲಾಯಿತು. ಕಾಲೇಜಿನಲ್ಲಾದರೆ ಮೇಜುಗಳ ನಡುವೆ ಓಡಾಡುತ್ತ, ಯಾರ ಕತ್ತರಿ ಬಟ್ಟೆಯನ್ನು ಕತ್ತರಿಸುತ್ತಿದೆ, ಯಾರದು ಜಗಿಯುತ್ತಿದೆ ಎಂದು ಸದ್ದಿನಲ್ಲೇ ಹೇಳುತ್ತಿದ್ದರು. ಈಗ ತರಗತಿಗಳೆಲ್ಲ ಆನ್‌ಲೈನ್ ಆಗಿ, ಮಲಗುವ ಕೋಣೆಯಲ್ಲಿ, ಬೀರುವಿಗೆ ಒರಗಿಸಿದ ಬೋರ್ಡಿನ ಮುಂದೆ ನಿಂತು, ಪರದೆಯ ಮೇಲಿನ ಮುಖವಿಲ್ಲದ ಕಪ್ಪು ಚೌಕಗಳಿಗೆ ಗಂಡಸರ ಅಂಗಿ ಹೊಲಿಯುವುದನ್ನು ಕಲಿಸಬೇಕಾಗಿತ್ತು.

ಸಾಲದ್ದಕ್ಕೆ ಪ್ರಿನ್ಸಿಪಾಲರ ಮಾತೊಂದು ತಲೆಯ ಮೇಲೆ ತೂಗುತ್ತಿತ್ತು. “ಮಕ್ಕಳು ಹೊಲಿದ ಅಂಗಿ ನೋಡ್ತೀನಿ ಮೇಡಂ. ಸರಿಯಿಲ್ಲ ಅಂದ್ರೆ ಯಾವುದಾದರೂ ಒಳ್ಳೇ ಪಾಠದ ರೆಕಾರ್ಡಿಂಗ್ ತರಿಸಿ ಹಾಕಿಬಿಡೋಣ. ನೀವು ಆರಾಮಾಗಿ ಲೈಬ್ರರಿ ನೋಡ್ಕೊಳ್ಳಿ.”

ಆರಾಮ ಎಂಬ ಮಾತು ಬೆರಳಿಗೆ ಚುಚ್ಚಿದ ಸೂಜಿಯಂತೆ ಅಲ್ಲೇ ಉಳಿದಿತ್ತು.

ಅದಕ್ಕೇ ಆನ್‌ಲೈನ್ ಪಾಠದ ತರಬೇತಿಗೆ ಕೂತಾಗ ಅವರು ಒಂದು ಮಾತನ್ನೂ ಬಿಡದೆ ಕೇಳಿಸಿಕೊಂಡರು. ಹೇಳಿಕೊಟ್ಟಾತ ಹಲ್ಲುಜ್ಜುವ ಪೇಸ್ಟಿನ ಜಾಹೀರಾತಿನವನ ಹಾಗೆ ನಗುತ್ತಿದ್ದ. “ಕ್ಯಾಮೆರಾನ ನಿಮ್ಮ ಆಪ್ತ ಗೆಳತಿ ಅಂದ್ಕೊಳ್ಳಿ. ಎಲ್ಲರ ಮೈಕ್ ಮುಚ್ಚಿಸಿ. ಮಕ್ಕಳು ಕಳಿಸೋ ಮೆಸೇಜ್ ಕಡೆ ನೋಡ್ತಾ ಕೂರಬೇಡಿ, ಪಾಠದ ಓಟ ಕೆಡುತ್ತೆ.” ಮೇಡಂ ಮೈಕ್ ಮುಚ್ಚಿಸಿದರು, ಮೆಸೇಜಿನ ಪಟ್ಟಿ ಮುಚ್ಚಿದರು. ಗೆಳೆತನವೊಂದು ಮಾತ್ರ ಕುದುರಲಿಲ್ಲ.

ಮೊದಲ ದಿನವೇ ಇನ್ನೊಂದು ಪೇಚು. ಬೋರ್ಡಿನ ಮೇಲೆ ಬರೆದ ಅಕ್ಷರಗಳು ಪರದೆಯಲ್ಲಿ ಕನ್ನಡಿಯೊಳಗಿನ ಹಾಗೆ ತಿರುಗಿ ಕಂಡವು. ಅಂಗಿಯ ಚಿತ್ರ ಬರೆದರೆ ಎಡ ಎದೆಯ ಮೇಲಿರಬೇಕಾದ ಜೇಬು ಬಲಕ್ಕೆ ಹೋಗಿ ಕೂತಿತ್ತು. ತನಗೆ ಕಂಡಂತೆಯೇ ಮಕ್ಕಳಿಗೂ ಕಾಣುತ್ತದೆ ಎಂದುಕೊಂಡು ಮೇಡಂ ತಲೆ ಓಡಿಸಿದರು. ಅಕ್ಷರ ಬರೆಯುವುದನ್ನೇ ಬಿಟ್ಟು ಅಳತೆಗಳನ್ನು ಬಾಯಲ್ಲಿ ಹೇಳಿದರು. ಚಿತ್ರವನ್ನು ಬೇಕೆಂದೇ ತಿರುಗಿಸಿ ಬರೆದರು. ಕೈ ಒಪ್ಪಲಿಲ್ಲ; ಇಷ್ಟು ವರ್ಷ ನೆಟ್ಟಗೆ ನಡೆದ ಕೈ ಅದು. ಊಟದ ಹೊತ್ತಿನಲ್ಲೂ ಗೋಡೆಯ ಮೇಲೆ ಬೆರಳಾಡಿಸಿ ಅಭ್ಯಾಸ ಮಾಡಿ ಅದನ್ನು ಪಳಗಿಸಿದರು. ಪರದೆಯಲ್ಲಿ ಜೇಬು ತನ್ನ ಜಾಗಕ್ಕೆ ಬಂತು. ಆ ದಿನ ಅವರಿಗೆ ಚೆನ್ನಾಗಿ ನಿದ್ದೆಯೂ ಬಂತು.

ಮಕ್ಕಳು ಕಳಿಸಿದ ಅಂಗಿಗಳು ಕಾಲೇಜಿಗೆ ಬಂದವು. ಮೊದಲನೆಯದನ್ನು ಬಿಡಿಸಿದರು. ಕಾಲರು ಹೂವಿನ ಎಸಳಿನಂತೆ ಕೂತಿತ್ತು. ಜೇಬು ಬಲಗಡೆಗಿತ್ತು. ಪಾಪ, ಗಡಿಬಿಡಿ ಮಾಡಿಕೊಂಡಿದೆ ಮಗು, ಎಂದುಕೊಂಡರು. ಎರಡನೆಯದೂ ಬಲಗಡೆ. ಮೂರನೆಯದನ್ನು ಪೂರ್ತಿ ಬಿಡಿಸದೆ ಮೊದಲು ಜೇಬನ್ನೇ ಹುಡುಕಿದರು. ಮೇಜಿನ ತುಂಬ ಅಂಗಿಗಳು ಎದೆಯ ತಪ್ಪು ಬದಿಗೆ ಜೇಬು ಹೊತ್ತು ಸಾಲಾಗಿ ಮಲಗಿದವು. ಕಾಜಾ ಇನ್ನೂ ಕತ್ತರಿಸಿರಲಿಲ್ಲ, ಅದೊಂದು ಪುಣ್ಯ; ಅದೂ ತಪ್ಪು ಬದಿಗೇ ಬೀಳುತ್ತಿತ್ತು. ಒಮ್ಮೆ ಕತ್ತರಿಸಿದ ಗುಂಡಿಯ ತೂತನ್ನು ಯಾರೂ ಮುಚ್ಚಲಾರರು.

ತರಗತಿಯಲ್ಲಿ ಬಾಯಿ ಮುಚ್ಚದ ಹುಡುಗಿಯೊಬ್ಬಳಿದ್ದಳು, ಎಲ್ಲರೂ ಪಟಾಕಿ ಎನ್ನುತ್ತಿದ್ದರು. ಮೇಡಂ ಅವಳಿಗೇ ಫೋನ್ ಮಾಡಿದರು.

“ಏನೇ ಇದು? ಜೇಬು ಯಾವ ಕಡೆ ಇರುತ್ತೆ ಅಂತ ಗೊತ್ತಿಲ್ವಾ? ನಿಮ್ಮಪ್ಪ ಅಂಗಿ ಹಾಕಲ್ವಾ?”

“ಹಾಕ್ತಾರೆ ಮೇಡಂ. ಅಪ್ಪನೂ ಅದನ್ನೇ ಕೇಳಿದ್ರು. ನೀವು ಬಲಗಡೆನೇ ಬರೆದಿದ್ರಿ.”

“ನಾನಾ?”

“ಹೂಂ ಮೇಡಂ. ನಾನು ಮೆಸೇಜ್ ಹಾಕ್ದೆ. ಎಲ್ಲರೂ ಹಾಕಿದ್ರು. ನೀವು ನೋಡ್ಲಿಲ್ಲ. ಆಮೇಲೆ, ಹೊಸ ಫ್ಯಾಷನ್ ಇರಬೇಕು, ಮೇಡಂ ಸುಮ್‌ಸುಮ್ನೆ ಹೇಳ್ತಾರಾ ಅಂದ್ಕೊಂಡ್ವಿ.”

“ಬಾಯ್ಬಿಟ್ಟು ಹೇಳೋಕೆ ಏನಾಗಿತ್ತು ನಿಂಗೆ? ಬೇರೆ ದಿನ ಬೇಡ ಅಂದ್ರೂ ಒದರ್ತೀಯ.”

“ಮೈಕ್ ನೀವೇ ಮುಚ್ಚಿಸಿದ್ರಲ್ಲ ಮೇಡಂ.”

ಮನೆಗೆ ಬಂದವರೇ ಗಂಡನ ಕೈಗೆ ಅವನ ಫೋನ್ ಕೊಟ್ಟು, ತಮ್ಮ ತರಗತಿಗೆ ಸೇರಿಸಿ, ಅಡುಗೆಮನೆಗೆ ಅಟ್ಟಿದರು. ಬೋರ್ಡಿನ ಮೇಲೆ ತಮ್ಮ ಹೆಸರು ಬರೆದರು. ಲ್ಯಾಪ್‌ಟಾಪಿನಲ್ಲಿ ಅದು ತಿರುಗಿಯೇ ಇತ್ತು.

“ಹೆಂಗೆ ಕಾಣ್ತಿದೆ ರೀ?”

“ನೆಟ್ಟಗೇ ಇದೆಯಲ್ಲೇ.”

ಮೇಡಂ ಮಂಚದ ಮೇಲೆ ಕೂತರು. ಯಂತ್ರ ತಿರುಗಿಸಿದ್ದು ಅವರೊಬ್ಬರ ಕಣ್ಣಿಗೆ ಮಾತ್ರ; ಮಕ್ಕಳಿಗೆ ಕಂಡದ್ದು ಅವರು ಬೇಕೆಂದೇ ತಿರುಗಿಸಿ ಬರೆದ ಚಿತ್ರವೇ. ತರಬೇತಿಯಲ್ಲಿ ನಗುವುದು ಹೇಗೆಂದು ಅರ್ಧ ದಿನ ಹೇಳಿದ್ದ ಆಸಾಮಿ, ಒಂದು ಸಲ ಮಕ್ಕಳ ಜಾಗದಲ್ಲಿ ಕೂತು ನಿಮ್ಮ ಪಾಠ ನೀವೇ ನೋಡಿ ಎಂದು ಹೇಳಿರಲಿಲ್ಲ.

“ಹೊಸ ಫ್ಯಾಷನ್ ಅಂದುಬಿಡು,” ಎಂದ ಗಂಡ ಬಾಗಿಲಲ್ಲಿ ನಿಂತು.

“ನೀವು ಸುಮ್ನಿರಿ.”

ಮರುದಿನ ಪ್ರಿನ್ಸಿಪಾಲರಿಗೆ ನಡೆದದ್ದನ್ನೆಲ್ಲ ಹೇಳಿದರು. ಅವರು ಕನ್ನಡಕ ತೆಗೆದು ಒರೆಸಿದರು. “ನೋಡಿ, ರೆಕಾರ್ಡಿಂಗ್‌ನಲ್ಲಾಗಿದ್ರೆ ಇಂಥದ್ದು ಆಗ್ತಿರಲಿಲ್ಲ.”

“ಆಗ್ತಿರಲಿಲ್ಲ ಸರ್. ಈಗ ಬಟ್ಟೆ ಹರೀದಂಗೆ ಜೇಬು ಬಿಚ್ಚಿ ಆ ಕಡೆ ಹಾಕ್ಬೇಕು. ಅದನ್ನ ಯಾವ ರೆಕಾರ್ಡಿಂಗ್ ಕಲಿಸುತ್ತೆ? ಒಂದು ಕ್ಲಾಸು ಕೊಡಿ. ಬೇಕಿದ್ರೆ ನೀವೂ ಬಂದು ಕೂತ್ಕೊಳ್ಳಿ.”

ಅಂಗಿಗಳು ಮನೆಗಳಿಗೆ ಮರಳಿದವು. ಆ ತರಗತಿಗೆ ಪ್ರಿನ್ಸಿಪಾಲರೂ ಒಂದು ಕಪ್ಪು ಚೌಕವಾಗಿ ಬಂದು ಕೂತರು. ಮೇಡಂ ಎಲ್ಲರ ಮೈಕ್ ತೆರೆಸಿದರು. ಕುಕ್ಕರು ಕೂಗಿತು, ಯಾರದೋ ಮನೆಯಲ್ಲಿ ಕೂಸು ಅತ್ತಿತು, ಇನ್ಯಾರದೋ ಅಜ್ಜಿ “ಅದ್ಯಾರೇ ಮಾತಾಡೋದು” ಎಂದರು. ಮೇಡಂ ಗಂಡನ ಫೋನನ್ನು ತಾವು ಕೂತ ಕುರ್ಚಿಯ ಬೆನ್ನಿಗೆ ಕಟ್ಟಿ, ತಮ್ಮ ಹೆಗಲ ಮೇಲಿಂದ ಕೈಗಳಷ್ಟೇ ಕಾಣುವಂತೆ ಮಾಡಿದ್ದರು. ಸೂಜಿಯ ತುದಿಯಿಂದ ಮಾದರಿ ಅಂಗಿಯ ಜೇಬಿನ ಒಂದೊಂದೇ ಹೊಲಿಗೆ ಎಬ್ಬಿಸುತ್ತ ಹೋದರು.

“ಮೇಡಂ, ನಿಮ್ಮ ಹೆಬ್ಬೆರಳು ಅಡ್ಡ ಬರ್ತಿದೆ,” ಎಂದಳು ಪಟಾಕಿ.

ಮೇಡಂ ಕೈ ಸರಿಸಿದರು. “ಈಗ?”

“ಈಗ ಕಾಣ್ತಿದೆ. ಆದ್ರೆ ನೀವು ತುಂಬ ಬೇಗ ಹೋಗ್ತಿದೀರ.”

“ಹೌದು, ನನಗೂ ಸಿಗ್ಲಿಲ್ಲ,” ಎಂಬ ಗಂಡು ದನಿ ಕೇಳಿತು. ತಮ್ಮ ಮೈಕೂ ತೆರೆದಿದೆ ಎಂಬುದು ಪ್ರಿನ್ಸಿಪಾಲರಿಗೆ ಹೊಳೆದದ್ದು ಎಲ್ಲರೂ ನಕ್ಕಮೇಲೆ. ಅವರು ಕೆಮ್ಮಿದರು. “ಮುಂದುವರಿಸಿ ಮೇಡಂ. ಈ ವರ್ಷ ನೀವೇ ಮುಗಿಸಿ. ಮುಂದಿನದು ಮುಂದೆ ನೋಡೋಣ.”

ಥ್ಯಾಂಕ್ಸ್ ಹೇಳುವಷ್ಟು ಪುರುಸೊತ್ತು ಮೇಡಂಗೆ ಇರಲಿಲ್ಲ. ಕುಕ್ಕರು ಮತ್ತೆ ಕೂಗುತ್ತಿತ್ತು. “ಅದನ್ನ ಯಾರಾದ್ರೂ ಇಳಿಸ್ರೋ,” ಎಂದು ಗದರಿ, ಬಿಚ್ಚಿದ ದಾರವನ್ನು ಪಕ್ಕಕ್ಕಿಟ್ಟು, ಜೇಬಿನ ಇನ್ನೊಂದು ಅಂಚಿನ ಮೊದಲ ಹೊಲಿಗೆಯಿಂದ ಮತ್ತೆ ತೋರಿಸತೊಡಗಿದರು, ಈ ಸಲ ನಿಧಾನವಾಗಿ.