ಬೆಲ್ಟಿನ ಮೇಲಿನ ಕೌದಿ

ಇವತ್ತು ಬೆಳಿಗ್ಗೆ ಹೆಂಡತಿ ಟ್ರಂಕಿನಿಂದ ಕೂಸಿನ ಕೌದಿ ತೆಗೆದಳು. ಬೇವಿನೆಲೆ, ಲೋಬಾನದ ಹೊಗೆ, ಹಳೆಯ ಸೀರೆ, ಎಲ್ಲ ಕೂಡಿದ ವಾಸನೆ. ಅದು ಮೂಗಿಗೆ ಬಡಿದರೆ ಸಾಕು, ಇಂದಿಗೂ ನನ್ನ ಎದೆಯಲ್ಲಿ ಸಣ್ಣಗೆ ನೋವು ಏಳುತ್ತದೆ. ಭಾವುಕನೆಂದು ತಿಳಿಯಬೇಡಿ, ಆ ನೋವು ಸ್ಟೀರಿಂಗ್ ಕೊಟ್ಟದ್ದು.

ಕೆಲವು ಚಳಿಗಾಲಗಳ ಹಿಂದಿನ ಮಾತು. ಬಾಣಂತನ ಮುಗಿಸಿದ ಮಗಳನ್ನೂ ಐದು ತಿಂಗಳ ಮೊಮ್ಮಗಳನ್ನೂ ಮಸಗುಪ್ಪಿಯಿಂದ ಹುಕ್ಕೇರಿಗೆ, ಅಳಿಯನ ಮನೆಗೆ, ಬಿಟ್ಟುಬರಬೇಕಿತ್ತು. ಅಳಿಯ ಕಾರಿಗೆಂದು ಕೂಸಿನ ಸೀಟು ಕಳಿಸಿದ್ದ. ಅದನ್ನು ಹಿಂದಿನ ಸೀಟಿನ ಮೇಲೆ ತಿರುವಿ ಕಟ್ಟಬೇಕು. ಕೂಸಿನ ಮುಖ ಹಿಂದಕ್ಕೆ. "ನಮ್ಮ ಮನಿ ನೋಡ್ಕೋತ ಹೋಗ್ತಾಳ ಬಿಡು" ಎಂದು ನಾನು ಚೇಷ್ಟೆ ಮಾಡಿದರೆ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಹೊರಗೆ ಕಬ್ಬಿನ ಹೊಲಗಳ ಮೇಲೆ ಮಂಜು. ಅವಳು ಕೂಸಿಗೆ ದಪ್ಪ ಸ್ವೆಟರ್ ಹಾಕಿ, ತಲೆಗೆ ಕುಲಾಯಿ ಕಟ್ಟಿ, ಕೌದಿಯಲ್ಲಿ ಸುತ್ತಿ ಗಂಟಿನಂತೆ ಸೀಟಿನಲ್ಲಿಟ್ಟಳು. ಮೂಗಷ್ಟೇ ಹೊರಗೆ. ಮಗಳು ಬೆಲ್ಟ್ ಬಿಗಿದು ನೋಡಿ, ಎಲ್ಲ ಬಿಚ್ಚತೊಡಗಿದಳು.

"ಬಿಚ್ಚಬ್ಯಾಡ! ಥಂಡಿ ಬಡದು ನೆಗಡಿ ಆತಂದ್ರ ಬೀಗರು ನನಗ ಅಂತಾರ."

"ಅವ್ವಾ, ಒಂದೀಟು ನೋಡಿಲ್ಲೆ."

ಮಗಳು ಕೌದಿ, ಸ್ವೆಟರ್ ತೆಗೆದು, ಬೆಲ್ಟನ್ನು ಮೊದಲಿನ ಅಳತೆಗೇ ಮತ್ತೆ ಹಾಕಿದಳು. "ಈಗ ಕೈ ಹಾಕು." ಹೆಂಡತಿಯ ಇಡೀ ಅಂಗೈ ಬೆಲ್ಟಿಗೂ ಕೂಸಿನ ಎದೆಗೂ ನಡುವೆ ಸಲೀಸಾಗಿ ಹೋಯಿತು.

"ಗಾಡಿ ಒಮ್ಮಿಗೇ ನಿಂತ್ರ ಕೌದಿ ಅಮುಕಿ ತೆಳ್ಳಗಾಗತೈತಿ. ಕೂಸು ಈ ಸಂದಿನ್ಯಾಗಿಂದ ಜಾರತೈತಿ."

ಮಗಳು ತೆಳು ಅಂಗಿಯ ಮೇಲೆ ಬೆಲ್ಟ್ ಬಿಗಿದಳು. ಹೆಗಲ ಹತ್ತಿರ ಚಿವುಟಿ, ಬೆಲ್ಟಿನಲ್ಲಿ ಮಡಿಕೆ ಸಿಗುವುದಿಲ್ಲವೆಂದು ಖಾತ್ರಿಯಾದ ಮೇಲೆ ಎದೆಯವರೆಗೆ ಕೌದಿ ಹೊದಿಸಿದಳು. ಹೆಂಡತಿ ಮುನಿಸಿನಲ್ಲೇ ಮಗಳೊಂದಿಗೆ ಹಿಂದೆ ಹತ್ತಿ, ಘಳಿಗೆಗೊಮ್ಮೆ ಕೂಸಿನ ಪಾದ ಮುಟ್ಟಿ ನೋಡುತ್ತ ಕುಳಿತಳು.

ಧುಪದಾಳದ ಹತ್ತಿರ ಮಂಜಿನೊಳಗಿಂದ ಕಬ್ಬಿನ ಟ್ರ್ಯಾಕ್ಟರೊಂದು ಅಡ್ಡ ಬಂತು. ಬ್ರೇಕ್ ಒತ್ತಿದೆ. ಪಕ್ಕದ ಸೀಟಿನಲ್ಲಿದ್ದ ಉಂಡಿಯ ಡಬ್ಬಿ ಹಾರಿ ಬಿತ್ತು, ನನ್ನ ಎದೆ ಸ್ಟೀರಿಂಗಿಗೆ ಬಡಿಯಿತು. ನನಗೆ ಬೆಲ್ಟೆಂದರೆ ಪೊಲೀಸರು ಕಂಡಾಗ ಎಳೆದುಕೊಳ್ಳುವ ವಸ್ತು. ಹಿಂದಿನಿಂದ ಸದ್ದೇ ಇಲ್ಲ. ತಿರುಗಿ ನೋಡಲು ಧೈರ್ಯ ಬರಲಿಲ್ಲ.

"ಕೂಸು ಮಲ್ಕೊಂಡೈತ್ರಿ," ಎಂದಳು ಹೆಂಡತಿ. "ಎಚ್ಚರನ ಆಗಿಲ್ಲ. ಪಾದ ಬೆಚ್ಚಗ ಅದಾವು." ಅಷ್ಟು ಹೇಳಿ ಅತ್ತಳು. ನನಗೂ ಹೋದ ಜೀವ ಬಂದಂತಾಯಿತು. ಉಂಡಿ ಆರಿಸುವ ನೆಪದಲ್ಲಿ ಬಹಳ ಹೊತ್ತು ಬಗ್ಗಿಯೇ ಇದ್ದೆ.

ಈಗ ಮಗಳ ಎರಡನೆಯ ಕೂಸಿನ ಸರದಿ. ಅದೇ ಚಳಿ, ಅದೇ ದಾರಿ. ಈ ಸಲ ಹೆಂಡತಿ ತಾನೇ ಬೆಲ್ಟ್ ಬಿಗಿದು ಹೆಗಲ ಹತ್ತಿರ ಚಿವುಟಿದಳು, ಏನೂ ಸಿಗಲಿಲ್ಲ. ಕೌದಿ ಹೊದಿಸಿದಳು. ಆಮೇಲೆ ಮುಂದಕ್ಕೆ ಕೈಚಾಚಿ ನನ್ನ ಹೆಗಲನ್ನೂ ಚಿವುಟಿದಳು. ಬರೀ ಅಂಗಿ ಸಿಕ್ಕಿತು.

"ಏನ್ರಿ, ಇಷ್ಟು ವರ್ಷದಾಗ ನಿಮಗೊಬ್ಬರಿಗೆ ಬುದ್ಧಿ ಬರಲಿಲ್ಲಲ್ಲ. ಹಾಕ್ಕೋರಿ."

ನನ್ನ ಬೆಲ್ಟು ಕ್ಲಿಕ್ ಎಂದ ಮೇಲೆಯೇ ಅವಳು ಬಾಗಿಲು ಮುಚ್ಚಿದಳು.