ಕೀಮೋ ಬೇಡ ಅಂದರು, ಟಗರು ಹೋಯಿತು

ಜಗಳೂರು ಸೀಮೆಯಲ್ಲಿ ಕುರಿ ಸಾಕುವ ಹೆಂಗಸರಿಗೇನು ಬರವಿಲ್ಲ. ಆದರೆ ಕುರಿಗೆ ಔಷಧಿ ಕುಡಿಸುವುದರಲ್ಲಿ ತಿಪ್ಪಮ್ಮನನ್ನು ಮೀರಿಸಿದವರಿರಲಿಲ್ಲ. ರೊಪ್ಪದಲ್ಲಿ ಒಂದು ಕುರಿ ಕೆಮ್ಮಿದರೆ ಸಾಕು, ಹೊತ್ತು ಮುಳುಗುವುದರೊಳಗೆ ಬಿದಿರಿನ ಗೊಟ್ಟ ಹಿಡಿದು ಇಡೀ ಹಿಂಡಿಗೇ ಕುಡಿಸಿ ಮುಗಿಸುತ್ತಿದ್ದಳು. ಗಬ್ಬದ ಕುರಿಗಳಿಗೆ ಜೋರು ಔಷಧಿ ಆಗದೆಂದು ಅವನ್ನು ಮಾತ್ರ ಮೊದಲೇ ಬೇರೆ ಕಟ್ಟುತ್ತಿದ್ದಳು. ನಾಳೆ ನೋಡೋಣ ಎನ್ನುವವರನ್ನು ಕಂಡರೆ ಅವಳಿಗೆ ಮೈ ಉರಿಯುತ್ತಿತ್ತು.

ಇಂಥವಳಿಗೆ ಕಾಯುವ ಶಿಕ್ಷೆ ಬಂತು. ಸ್ನಾನ ಮಾಡುವಾಗ ಎಡಗಡೆ ಎದೆಯಲ್ಲಿ ಕಡಲೆಕಾಯಿ ಗಾತ್ರದ ಗಂಟು ಕೈಗೆ ಸಿಕ್ಕಿತು. ನಾಚಿಕೆ ಗೀಚಿಕೆ ಎನ್ನದೆ ಅವತ್ತೇ ಸೊಸೆ ಅಂಬಿಕಾಗೆ ಹೇಳಿದಳು, ಪುಣ್ಯಾತ್ಗಿತ್ತಿ. ದಾವಣಗೆರೆಯ ಆಸ್ಪತ್ರೆಯಲ್ಲಿ ಕ್ಯಾನ್ಸರ್ ಎಂದರು, ಆ ಎದೆಯನ್ನು ತೆಗೆದರು. ತಿಪ್ಪಮ್ಮ ಅಳಲಿಲ್ಲ. ಕುರಿ ಹಿಂದೆ ಯಾವಾಗ ಹೋಗಬಹುದು ಎಂದಷ್ಟೇ ಕೇಳಿದಳು.

ಡಾಕ್ಟರು ಚೈತ್ರಶ್ರೀ ಮಂಚದ ಪಕ್ಕ ಕೂತು ಬಿಡಿಸಿ ಹೇಳಿದರು. "ಬೇಗ ಸಿಕ್ಕಿದೆ ಅಮ್ಮ, ಕಂಕುಳಿಗೆ ಹರಡಿಲ್ಲ. ಆದರೆ ಕೀಮೋ ಬೇಕೋ ಬೇಡವೋ ಅಂತ ಸುಮ್ಮನೆ ಊಹೆ ಮಾಡಬಾರದು. ತೆಗೆದ ಗಂಟಿನ ಚೂರನ್ನ ಪರೀಕ್ಷೆಗೆ ದೂರದ ಲ್ಯಾಬಿಗೆ ಕಳಿಸ್ತೀವಿ. ಅದರೊಳಗಿನ ಜೀನ್‌ಗಳನ್ನ ನೋಡಿ, ಕಾಯಿಲೆ ಮತ್ತೆ ಬರೋ ಸಂಭವ ಎಷ್ಟು, ಕೀಮೋದಿಂದ ನಿಮಗೆ ಲಾಭ ಇದೆಯಾ ಅಂತ ಹೇಳ್ತಾರೆ. ಕೆಲವು ವಾರ ಕಾಯಬೇಕು."

"ಕಾಯಾದು ಯಾಕ್ರೀ ಮೇಡಮ್ಮಾರೆ? ಇವತ್ತೇ ಹಾಕ್ರಿ. ಬೆಂಕಿ ಬಿದ್ದಾಗ ಬಾವಿ ತೋಡಾಕೆ ಹೋಗ್ತೀರಲ್ಲ!"

ಡಾಕ್ಟರು ನಕ್ಕರು. ತಿಪ್ಪಮ್ಮ ನಗಲಿಲ್ಲ. ಕೀಮೋ ಎಂದರೆ ಅವಳಿಗೆ ಪಕ್ಕದ ಬೀದಿಯ ಕಸ್ತೂರಮ್ಮ. ಅವಳಿಗೂ ಇದೇ ಕಾಯಿಲೆ ಬಂದಿತ್ತು. ಕೀಮೋದಿಂದ ಕೂದಲೆಲ್ಲ ಉದುರಿತು, ವಾಂತಿ ಮಾಡಿ ಮಾಡಿ ಸೊರಗಿದಳು, ಆದರೂ ಎದ್ದು ಬಂದು ಈಗ ನಲ್ಲಿ ಹತ್ತಿರ ಎಲ್ಲರ ಮೇಲೂ ಜಗಳಕ್ಕೆ ಬೀಳುತ್ತಾಳೆ. ಬದುಕಿದರೆ ಹಾಗೆ ಬದುಕಬೇಕು!

ಆ ವಾರಗಳಲ್ಲಿ ಮನೆಯವರು ಪಟ್ಟ ಪಾಡು ದೇವರಿಗೇ ಪ್ರೀತಿ. ತಿಪ್ಪಮ್ಮ ಕೂತಲ್ಲಿ ಕೂರಲಿಲ್ಲ. ಹಾಕಿದ ಅಗಳಿಯನ್ನೇ ಮತ್ತೆ ಹಾಕಿದಳು, ಗುಡಿಸಿದ ಅಂಗಳವನ್ನೇ ಗುಡಿಸಿದಳು. ದಾವಣಗೆರೆ ಬಸ್ಸು ಬರುವ ಹೊತ್ತಿಗೆ ಸ್ಟ್ಯಾಂಡಿಗೆ ಹೋಗಿ ನಿಂತು, ಯಾರನ್ನೂ ಏನನ್ನೂ ಕೇಳದೆ ವಾಪಸ್ ಬಂದಳು. "ನಾನು ಜಗಳೂರು ದಾಟಿದ್ದೇ ಕಮ್ಮಿ, ನನ್ನ ಗಂಟು ನೋಡು ದೇಶ ಸುತ್ತಾಕೆ ಹೊಂಟೈತೆ" ಎಂದು ಒಮ್ಮೆ ತಮಾಷೆ ಮಾಡಿದಳು. ಸಾವಿಗೆ ಅವಳು ಹೆದರಿದ್ದಳು, ಅದನ್ನು ಹೇಳಿಕೊಳ್ಳಲು ಬಾಯಿ ಬರಲಿಲ್ಲ ಅಷ್ಟೆ.

ಕೊನೆಗೆ ಫಲಿತಾಂಶ ಬಂತು.

"ಒಳ್ಳೆ ಸುದ್ದಿ ಅಮ್ಮ," ಎಂದರು ಚೈತ್ರಶ್ರೀ. "ಮತ್ತೆ ಬರೋ ಸಂಭವ ಕಡಿಮೆ ಅಂತ ಬಂದಿದೆ. ಕೀಮೋ ಬೇಡ. ದಿನಕ್ಕೊಂದು ಗುಳಿಗೆ, ಐದು ವರ್ಷ ತಪ್ಪಿಸಬೇಡಿ. ಮನೆಗೆ ಹೋಗಿ ಆರಾಮಾಗಿರಿ."

ಅಂಬಿಕಾ ಕೈ ಮುಗಿದಳು. ತಿಪ್ಪಮ್ಮನ ಕಿವಿಗೆ ಬಿದ್ದದ್ದು ಬೇಡ ಎನ್ನುವುದೊಂದೇ. ಹತ್ತು ವರ್ಷದ ಹಿಂದೆ ಅವಳ ಗಂಡನಿಗೂ ಒಬ್ಬ ಡಾಕ್ಟರು ಹೀಗೇ ನಗುಮುಖದಲ್ಲಿ, ಇನ್ನು ಔಷಧಿ ಬೇಡ, ಮನೆಗೆ ಹೋಗಿ ಆರಾಮಾಗಿರಿ ಎಂದಿದ್ದರು. ಅವನು ಆ ವಾರವೇ ಹೋದ. ದನದ ಡಾಕ್ಟರು ಬಂದು "ಇದಕ್ಕೆ ಔಷಧಿ ಬ್ಯಾಡ ಬಿಡ್ರಿ" ಎಂದ ಕುರಿ ಯಾವುದೂ ಮರುದಿನದ ಬೆಳಕು ಕಂಡಿರಲಿಲ್ಲ. ಬಸ್ಸಿನಲ್ಲಿ ಅಂಬಿಕಾ ಮಾತಾಡಿಸಿದಷ್ಟೂ ತಿಪ್ಪಮ್ಮ ಕಿಟಕಿ ಕಡೆಗೇ ಮುಖ ಮಾಡಿ ಕೂತಳು.

ಮಾರನೇ ದಿನದಿಂದ ಕೊಡುವ ಕೆಲಸ ಶುರುವಾಯಿತು. ರೇಷ್ಮೆ ಸೀರೆ ಅಂಬಿಕಾಗೆ. ಹಿಂಡಿಗೇ ಕಳಸವಾಗಿದ್ದ ಕೊಂಬಿನ ಟಗರನ್ನು ಲಗೇಜ್ ಆಟೋ ಹತ್ತಿಸಿ ನ್ಯಾಮತಿಗೆ, ಮಗಳು ಸುನೀತಾಳ ಮನೆಗೆ. ಆ ಟಗರನ್ನು ಕೇಳಿದವರಿಗೆಲ್ಲ ಬೈದು ಕಳಿಸಿದ್ದ ಅಮ್ಮ ತಾನಾಗೇ ಕೊಟ್ಟಳಲ್ಲ ಎಂದು ಮಗ ಶರಣು ಬೆರಗಾದ. ಕಾಯಿಲೆ ವಾಸಿಯಾದ ಖುಷಿ ಇರಬೇಕು ಎಂದುಕೊಂಡ, ಪೆದ್ದ.

ಗುಳಿಗೆಯ ಕಥೆ ಇನ್ನೂ ಚೆಂದ. ಅಂಬಿಕಾ ದಿನಾ ನೀರಿನ ಲೋಟದ ಜೊತೆ ಕೊಡುತ್ತಿದ್ದಳು. ತಿಪ್ಪಮ್ಮ ಜಾಣ ಕುರಿಯ ಹಾಗೆ ಅದನ್ನು ದವಡೆಗೆ ಸೇರಿಸಿಕೊಂಡು, ರೊಪ್ಪಕ್ಕೆ ಹೋಗಿ ಹಿಕ್ಕೆಯ ಮೇಲೆ ಉಗುಳಿ ಬರುತ್ತಿದ್ದಳು. ಸಾಯುವವಳ ಸಮಾಧಾನಕ್ಕೆ ಕೊಟ್ಟ ಗುಳಿಗೆ ನುಂಗಿ ಯಾವ ಸುಖ ಎಂಬ ಸಿಟ್ಟು ಅವಳಿಗೆ.

ಒಂದು ಸಂಜೆ ಶರಣು ಹಿಂಡಿಗೆ ಜಂತುಹುಳದ ಔಷಧಿ ಕುಡಿಸುತ್ತಿದ್ದ. ಅವಸರದಲ್ಲಿ ಗಬ್ಬದ ಕುರಿಯೊಂದರ ಬಾಯಿಗೂ ಗೊಟ್ಟ ಇಟ್ಟ. ಕಟ್ಟೆಯ ಮೇಲಿದ್ದ ತಿಪ್ಪಮ್ಮ ಎಗರಿ ಬಂದು ಅವನ ಕೈ ಹಿಡಿದಳು.

"ಅದಕ್ಕೆ ಬ್ಯಾಡ ಕಣೋ! ಅದಕ್ಕೇನಾಗೈತೆ? ಚೆನ್ನಾಗಿರಾ ಗಬ್ಬದ ಕುರಿಗೆ ಇಂಥ ಜೋರು ಔಷಧಿ ಕುಡಿಸಿ ಕೆಡಿಸ್ತೀಯೇನೋ?"

"ಇರ್ಲಿ ಬಿಡಮ್ಮ, ಒಂದು ಗುಟುಕು."

"ಬ್ಯಾಡ ಅಂದ್ರೆ ಬ್ಯಾಡ! ನನ್ನ ಹಂಗೆ ಕೈ ಬಿಟ್ಟಿರಾ ಜೀವ ಅಲ್ಲ ಅದು."

ಕಸಬರಿಗೆ ಹಿಡಿದಿದ್ದ ಅಂಬಿಕಾ ನಿಂತುಬಿಟ್ಟಳು. ಸೀರೆ, ಟಗರು, ಬಸ್ಸಿನ ಮೌನ ಎಲ್ಲ ಒಟ್ಟಿಗೇ ಅರ್ಥವಾಗಿ ಅವಳ ಕಣ್ಣಲ್ಲಿ ನೀರು ಬಂತು.

"ಯಾರು ಕೈ ಬಿಟ್ರು ಅತ್ತೆ? ಮೇಡಂ ಕೀಮೋ ಬ್ಯಾಡ ಅಂದಿದ್ದಕ್ಕಾ?"

ತಿಪ್ಪಮ್ಮ ಕುರಿಯನ್ನು ತನ್ನ ಕಡೆಗೆ ಎಳೆದುಕೊಂಡಳು.

"ಈ ಕುರಿಗೆ ನೀವೇ ಔಷಧಿ ಬ್ಯಾಡ ಅಂದ್ರಲ್ಲ ಈಗ, ಅದೇನು ಸಾಯ್ತೈತಾ?"

"ಥೂ, ಬಿಡ್ತು ಅನ್ನು! ಅದು ಯಾಕೆ ಸಾಯ್ತೈತೆ?" ಎಂದವಳು ಅಲ್ಲೇ ತಡೆದಳು. ಕುರಿಯ ಕಿವಿ ಸವರಿದಳು. "ಗಂಟಿನ ಒಳಗೆಲ್ಲ ನೋಡಿಯೇ ಹೇಳಿದ್ರಾ ಅವರು?"

"ಹೂಂ ಅತ್ತೆ. ಬೇಕಿಲ್ಲದಿರಾ ಕೀಮೋ ನಿಮಗೆ ಯಾಕೆ ಹಾಕ್ಬೇಕು? ಅದಕ್ಕೇ ಅಲ್ಲವಾ ಅಷ್ಟು ದಿನ ಕಾಯ್ಸಿದ್ದು? ಆ ಗುಳಿಗೆ ಒಂದೇ ನಿಮ್ಮ ಔಷಧಿ."

ತಿಪ್ಪಮ್ಮ ಹಿಕ್ಕೆಯ ಕಡೆ ಒಮ್ಮೆ ಕಳ್ಳನೋಟ ಬೀರಿದಳು. "ತಗಂಬಾ ಹಂಗಾದ್ರೆ" ಎಂದಳು. ಗುಳಿಗೆ ನುಂಗಿದಳು, ಲೋಟದ ನೀರೆಲ್ಲ ಕುಡಿದಳು, ಕೇಳದಿದ್ದರೂ ಬಾಯಿ ಅಗಲಿಸಿ ಸೊಸೆಗೆ ತೋರಿಸಿದಳು. ಆಮೇಲೆ ಕಟ್ಟೆಯ ಮೇಲೆ ಕುಸಿದು, ಎದೆ ತೆಗೆದಾಗಲೂ ಬಾರದಿದ್ದ ಅಳುವನ್ನು ಅತ್ತಳು. ಸೆರಗಿನಿಂದ ಮೂಗು ಒರೆಸಿಕೊಂಡು ಮಗನ ಕಡೆ ತಿರುಗಿದಳು.

"ಸುನೀತಂಗೆ ಪೋನ್ ಹಚ್ಚೋ."

"ಯಾಕಮ್ಮ?"

"ಟಗರು ವಾಪಸ್ ಕಳಿಸಾಕೆ ಹೇಳು."

"ಮಗಳಿಗೆ ಕೊಟ್ಟಿದ್ದನ್ನ ಕೇಳ್ತಾರೇನಮ್ಮ?"

"ಸಾಯ್ತೀನಿ ಅಂತ ಕೊಟ್ಟಿದ್ದೆ," ಎಂದಳು ತಿಪ್ಪಮ್ಮ. "ಸಾಯಲ್ಲಂತೆ. ನಾನೇನು ಮಾಡ್ಲಿ?"