ಟೀಚರಮ್ಮನ ನಾಲ್ಕನೇ ತಿದ್ದುಪಡಿ

ಒರೂರೊ ಪಟ್ಟಣದ ನಮ್ಮ ಬೀದಿಯಲ್ಲಿ ಸೆವೆರಾ ಕೊಲ್ಕೆಯ ಬಾಯಿಗೆ ಹೆದರದವರಿರಲಿಲ್ಲ. ಗಣಿ ಕಾಲೊನಿಯ ಶಾಲೆಯಲ್ಲಿ ಮೂವತ್ತನಾಲ್ಕು ವರ್ಷ ಪಾಠ ಹೇಳಿ ನಿವೃತ್ತಳಾದ ಮೇಲೆ, ಆ ತವರದ ಗಣಿಯ ದೊಡ್ಡ ಮುಷ್ಕರದ ಚರಿತ್ರೆ ಬರೆಯಲು ಕೂತಳು. ಹನ್ನೊಂದು ವರ್ಷದಲ್ಲಿ ಆರುನೂರು ಪುಟವಾಯಿತು. ಅದನ್ನು ಟೈಪ್ ಮಾಡಿಕೊಡುತ್ತಿದ್ದವಳು ನಾನು.

ನಾಲ್ಕನೇ ಸಲ ತಿದ್ದುವ ಹೊತ್ತಿಗೆ ಆಕೆಯ ತಲೆ ಕೈಕೊಟ್ಟಿತು. ಬೆಳಿಗ್ಗೆ ಹೊಡೆದುಹಾಕಿದ ಪ್ಯಾರಾವನ್ನು ಮಧ್ಯಾಹ್ನ ಮತ್ತೆ ಸೇರಿಸುವಳು. ಒಂದೇ ಸಾಲನ್ನು ಎಂಟು ಸಲ ಓದಿದರೂ ಅರ್ಥ ಒಳಗಿಳಿಯದು. ದಣಿವು ಕಳೆಯಲೆಂದು ಕೋಕಾ ಎಲೆ ಜಗಿದಳು, ತಣ್ಣೀರಲ್ಲಿ ಮುಖ ತೊಳೆದಳು, ಏನೂ ಆಗಲಿಲ್ಲ.

“ನಾಲ್ಕು ದಿನ ಅತ್ಲಾಗಿಡೇ ಅಕ್ಕಾ,” ಎಂದಳು ಊಟ ತಂದ ತಂಗಿ.

“ಆಲೂಗಡ್ಡೆ ಬೇಯ್ಸೋಳಿಗೆ ಇದೆಲ್ಲ ಏನ್ ಗೊತ್ತು?”

ತಂಗಿ ಬರುವುದನ್ನೇ ಬಿಟ್ಟಳು.

ಎದುರುಮನೆಯ ದರ್ಜಿ ವೆನಾನ್ಸಿಯೊ ಆಚಾ ಆಕೆಯ ಹಳೆಯ ವಿದ್ಯಾರ್ಥಿ. ಅವನ ಅಪ್ಪ ದಾಮಿಯಾನ್ ಗಣಿಯ ಉಗ್ರಾಣ ನೋಡಿಕೊಳ್ಳುತ್ತಿದ್ದ. ಮುಷ್ಕರ ಮುರಿಯಲು ಬಂದ ಸೈನಿಕರಿಗೆ ಮುಷ್ಕರಗಾರರ ಹೆಸರುಗಳನ್ನು ಕೊಟ್ಟವನು ಅವನೇ ಎಂದು ಸೆವೆರಾ ಬರೆದಿದ್ದಳು. ಅದು ಹೇಗೋ ಕಿವಿಗೆ ಬಿದ್ದು ವೆನಾನ್ಸಿಯೊ ಒಂದು ಬೆಳಿಗ್ಗೆ ಬಾಗಿಲು ತಳ್ಳಿಕೊಂಡೇ ಒಳಗೆ ಬಂದ.

“ನಮ್ಮಪ್ಪನ ಮೇಲೆ ಏನೋ ಕಾರಿದೀರಂತೆ ಟೀಚರಮ್ಮ. ಓದಿ, ಕೇಳೋಣ.”

“ನಾನು ಓದಿದ್ರೆ ನನ್ ತಲೆಗೇ ಹತ್ತಲ್ಲ ಕಣೋ. ಬೇಕಿದ್ರೆ ನೀನೇ ಓದು. ಮೊದಲಿಂದ ಓದು, ಮಧ್ಯಕ್ಕೆ ಹಾರ್ಬೇಡ.”

ಅವನು ಹಲ್ಲು ಕಚ್ಚಿಕೊಂಡು ಗಟ್ಟಿಯಾಗಿ ಓದತೊಡಗಿದ. ಇಪ್ಪತ್ತನೇ ಪುಟಕ್ಕೆ ನಿಂತ. “ಇದನ್ನ ಆಗ್ಲೇ ಹೇಳಿದ್ರಲ್ಲ! ನಾವೇನು ಕಿವುಡ್ರಾ?”

ಸೆವೆರಾ ಉರಿದುಬಿದ್ದಳು. ಆದರೆ ಅವನ ಮಾತು ನಿಜವಾಗಿತ್ತು. ಕಣ್ಣಿಗೆ ಸತ್ತುಹೋಗಿದ್ದ ಸಾಲುಗಳು ಆ ಒರಟು ದನಿಯಲ್ಲಿ ಕಿವಿಗೆ ಚುಚ್ಚುತ್ತಿದ್ದವು. “ನಾಳೆ ಒಂಬತ್ತಕ್ಕೆ ಬಾ,” ಎಂದಳು.

ಅಪ್ಪನ ಪುಟ ತಲುಪಲೇಬೇಕೆಂಬ ಹಟಕ್ಕೆ ಅವನು ದಿನವೂ ಬಂದ. ಎರಡು ಗಂಟೆ, ಅದಕ್ಕಿಂತ ಹೆಚ್ಚಿಲ್ಲ. “ಮೂರನೇ ಕ್ಲಾಸಲ್ಲೂ ಹೀಗೇ ತೊದಲ್ತಿದ್ದೆ,” ಎಂದು ಇವಳು. “ನೀವು ಆಗ್ಲೂ ಹೀಗೇ ಕೊರೀತಿದ್ರಿ,” ಎಂದು ಅವನು. ಒಂದು ಲೋಟ ಬಿಸಿನೀರನ್ನೂ ಇವಳು ಕೊಡಲಿಲ್ಲ, ಅವನು ಕೇಳಲೂ ಇಲ್ಲ. ಎರಡು ತಿಂಗಳಲ್ಲಿ ನೂರೆಂಬತ್ತು ಪುಟ ಕಸದ ಚೀಲಕ್ಕೆ ಹೋದವು.

ಕೊನೆಗೆ ಆ ಪುಟ ಬಂತು. “‘ದಾಮಿಯಾನ್ ಆಚಾ ಹೆಸರುಗಳನ್ನು ಕೊಟ್ಟದ್ದು ಎಲ್ಲರಿಗೂ ಗೊತ್ತಿದ್ದ ಸಂಗತಿ.’” ಅವನು ಹಾಳೆಯಿಂದ ತಲೆಯೆತ್ತಿದ. “ಎಲ್ಲರಿಗೂ ಅಂದ್ರೆ ಯಾರ್ಯಾರಿಗೆ?”

ಸೆವೆರಾ ಹಳೆಯ ಟಿಪ್ಪಣಿಗಳನ್ನು ಕೆದಕಿದಳು. ಕಣ್ಣಾರೆ ಕಂಡೆ ಎಂದವನು ಒಬ್ಬ ಗಣಿಗಾರ ಮಾತ್ರ. ಉಳಿದವರದ್ದೆಲ್ಲ ಕೇಳಿದ ಮಾತು. ನಾಲ್ಕು ಸಲ ತಿದ್ದಿದರೂ ದಣಿದ ತಲೆ ಆ ಸಾಲನ್ನು ಹಾಗೇ ದಾಟಿಕೊಂಡು ಹೋಗಿತ್ತು. ಆಕೆ ಪೆನ್ನೆತ್ತಿಕೊಂಡಳು. ಆ ಸಾಲನ್ನು ಹೊಡೆದುಹಾಕಿ, ‘ಹೆಸರುಗಳನ್ನು ದಾಮಿಯಾನ್ ಕೊಟ್ಟದ್ದನ್ನು ಕಂಡೆನೆಂದು ಹೇಳಿದವನು ಒಬ್ಬನೇ’ ಎಂದು ಬರೆದಳು.

“ಪೂರ್ತಿ ತೆಗೀರಿ.”

“ತೆಗಿಯಲ್ಲ. ಆ ಒಬ್ಬ ಹೇಳಿದ್ದಂತೂ ಹೌದು.”

“ಹಾಗಾದ್ರೆ ಉಳಿದಿದ್ದನ್ನ ನೀವೇ ಬೊಗಳ್ಕೊಳ್ಳಿ!” ಹಾಳೆಗಳನ್ನು ನೆಲಕ್ಕೆ ಬಿಸಾಕಿ ಅವನು ಹೊರಟೇಹೋದ.

ಉಳಿದ ಅಧ್ಯಾಯಗಳನ್ನು ಸೆವೆರಾ ತಾನೇ ನಿಂತುಕೊಂಡು ಗಟ್ಟಿಯಾಗಿ ಓದಿದಳು. ದಿನಕ್ಕೆ ಒಂದೇ ಅಧ್ಯಾಯ. ಗಂಟೆ ಹನ್ನೊಂದು ಹೊಡೆದರೆ ಹಾಳೆ ಮುಚ್ಚಿ ಪೇಟೆಯ ಕಡೆ ನಡೆದುಬಿಡುವಳು.

ಪುಸ್ತಕ ಬಿಡುಗಡೆ ಕಾರ್ಮಿಕ ಸಂಘದ ಹಾಲಿನಲ್ಲಿ ನಡೆಯಿತು. ಚಪ್ಪಾಳೆ ಮುಗಿಯುವ ಮೊದಲೇ ವೆನಾನ್ಸಿಯೊ ಹಿಂದಿನ ಸಾಲಿನಿಂದ ಎದ್ದ.

“ಆ ಒಬ್ಬನಿಗೂ ನಮ್ಮಪ್ಪನಿಗೂ ಮೊದಲಿಂದ ಆಗ್ತಿರ್ಲಿಲ್ಲ. ಅದನ್ನ ಯಾಕೆ ಬರೀಲಿಲ್ಲ?”

“ಕೂತ್ಕೊಳೋ!” ಎಂದು ವೇದಿಕೆಯಿಂದಲೇ ಸೆವೆರಾ ಗದರಿದಳು.

“ಕೂರಲ್ಲ!”

ಅವನು ಕೂರಲಿಲ್ಲ, ಸಭೆ ಮುಗಿಯುವವರೆಗೂ ನಿಂತೇ ಇದ್ದ. ಮನೆಗೆ ಬಂದವಳೇ ಸೆವೆರಾ ಅವನ ಮಾತನ್ನು ಶಪಿಸುತ್ತಲೇ ಒಂದು ಚೀಟಿಯಲ್ಲಿ ಬರೆದಿಟ್ಟಳು. ವಿಚಾರಿಸಬೇಕು ಎಂದಳು. ಆದರೆ ಮತ್ತೆ ಆ ಹಾಳೆಗಳನ್ನು ಮುಟ್ಟುವ ಶಕ್ತಿ ಬರಲು ಆರು ತಿಂಗಳು ಬೇಕಾಯಿತು.